ಹಾಟ್ ಯೋಗ ಸ್ಟುಡಿಯೋ ಹುಡುಕಿದ ಕಥೆ: ನಾನು ಬಿಸಿ ನೋಡಿದೆ, ಗಾಳಿ ನೋಡಲಿಲ್ಲ

ಹಾಟ್ ಯೋಗ ಅಂದರೆ ಬೇಕೆಂದೇ ಕಾಯಿಸಿದ ಕೋಣೆಯಲ್ಲಿ ಮಾಡುವ ಯೋಗ. ಮೊದಲ ಸಲ ಸ್ಟುಡಿಯೋ ಸೇರುವಾಗ ನಾನು ನೋಡಿದ್ದು ಒಂದೇ: ಕೋಣೆ ಎಷ್ಟು ಬಿಸಿ ಇದೆ? ಗೋಡೆಯ ಮೇಲಿನ ಥರ್ಮಾಮೀಟರ್ 40 ಡಿಗ್ರಿ ತೋರಿಸುತ್ತಿತ್ತು. ಇದೇ ಅಸಲಿ ಜಾಗ ಅಂದುಕೊಂಡು ಒಂದು ವರ್ಷದ ಶುಲ್ಕ ಒಟ್ಟಿಗೇ ಕಟ್ಟಿಬಿಟ್ಟೆ. ಆರು ವಾರ ಹೋದೆ. ಆಮೇಲೆ ಅತ್ತ ತಲೆ ಹಾಕಲಿಲ್ಲ.

ನನಗೆ ಬಿಸಿ ಆಗಲಿಲ್ಲ ಅಂತಲ್ಲ. ಆ ಕೋಣೆಗೆ ಕಾರ್ಪೆಟ್ ಹಾಸಿದ್ದರು. ಎಷ್ಟೋ ಜನರ ಬೆವರು ಕುಡಿದ ಕಾರ್ಪೆಟ್ ಅದು, ಬಾಗಿಲು ತೆಗೆದರೆ ಸಾಕು, ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಕಿಟಕಿ ಇರಲಿಲ್ಲ. ಒಂದು ದಿನ ನಡುವೆ ತಲೆ ಸುತ್ತಿ, ಹೊಟ್ಟೆ ತೊಳಸಿ ಹೊರಗೆ ಹೊರಟರೆ ಟೀಚರ್ ತಡೆದರು. "ಕೋಣೆ ಬಿಟ್ಟು ಹೋಗಬಾರದು, ಮನಸ್ಸು ಗಟ್ಟಿ ಮಾಡಿ" ಅಂದರು. ಮನಸ್ಸೇನೋ ಗಟ್ಟಿಯಾಗಿತ್ತು. ಕಾಲು ಗಟ್ಟಿಯಿರಲಿಲ್ಲ, ಅಲ್ಲೇ ಕುಸಿದು ಕೂತೆ.

ಕೆಲವು ತಿಂಗಳು ಬಿಟ್ಟು ಮತ್ತೆ ಹುಡುಕಲು ಹೊರಟಾಗ ನಾಲ್ಕು ಸಣ್ಣ ಸ್ಟುಡಿಯೋಗಳನ್ನು ನೋಡಿದೆ. ಅವುಗಳಲ್ಲೊಂದಕ್ಕೆ ಈಗ ಮೂರು ವರ್ಷದಿಂದ ವಾರಕ್ಕೆ ನಾಲ್ಕು ದಿನ ಹೋಗುತ್ತಿದ್ದೇನೆ.

ಬೋರ್ಡಿನಲ್ಲಿ ಹಾಟ್ ಯೋಗ ಅಂತಿದ್ದರೆ ಒಳಗೆ ಏನು ಬೇಕಾದರೂ ಇರಬಹುದು. ಯೋಗ ಗುರು ಬಿಕ್ರಮ್ ಚೌಧುರಿ ಹೆಸರಿನಲ್ಲಿ ಪ್ರಸಿದ್ಧವಾದ ಕ್ರಮ ಒಂದಿದೆ. ಅದರಲ್ಲಿ 26 ಆಸನ, 2 ಉಸಿರಾಟದ ಅಭ್ಯಾಸ, 90 ನಿಮಿಷ. ಕೋಣೆ ಸುಮಾರು 40 ಡಿಗ್ರಿ, ತೇವಾಂಶ ಶೇ 40. ದಿನವೂ ಅದೇ ಆಸನ, ಅದೇ ವರಸೆ. ಈ ಆಸನಗಳ ಸಾಲಿಗೆ ಕಾಪಿರೈಟ್ ಸಲ್ಲುವುದಿಲ್ಲ ಎಂದು 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. ಈಗ ಎಷ್ಟೋ ಕಡೆ ಇದನ್ನೇ '26 ಮತ್ತು 2' ಅಂತ ಕರೆದು ಕಲಿಸುತ್ತಾರೆ. ಇನ್ನು ಕೆಲವು ಕಡೆ ಸ್ವಲ್ಪ ಕಡಿಮೆ ಬಿಸಿಯಲ್ಲಿ ವಿನ್ಯಾಸ ಮಾಡಿಸುತ್ತಾರೆ, ಅಂದರೆ ಒಂದು ಆಸನದಿಂದ ಇನ್ನೊಂದಕ್ಕೆ ನಿಲ್ಲದೆ ಹೋಗುವುದು. ನನಗೆ ದಿನಾ ಅದೇ ಕ್ರಮ ಇದ್ದರೆ ಹಿತ. ನಿನ್ನೆಗೂ ಇವತ್ತಿಗೂ ಏನು ವ್ಯತ್ಯಾಸ ಅಂತ ಮೈಗೇ ಗೊತ್ತಾಗುತ್ತದೆ. ಕೆಲವರಿಗೆ ಇದೇ ಬೋರು.

ಈಗ ಗಾಳಿಯ ವಿಷಯ. ಇದನ್ನು ನಾನು ಬಹಳ ತಡವಾಗಿ ಕಲಿತೆ.

ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಸುತ್ತಲಿನ ಗಾಳಿ 40 ಇದ್ದರೆ ಮೈಯ ಬಿಸಿ ಗಾಳಿಗೆ ಹೋಗುವುದಿಲ್ಲ, ಗಾಳಿಯದೇ ಮೈಗೆ ಬರುತ್ತದೆ. ಆಗ ಮೈ ತಣ್ಣಗಾಗಲು ಉಳಿಯುವ ದಾರಿ ಒಂದೇ, ಬೆವರು ಆರಬೇಕು. ಮ್ಯಾಟ್ ಮೇಲೆ ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಚರ್ಮದ ಮೇಲೆ ಆರಿದ್ದು ಮಾತ್ರ ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದಷ್ಟೂ ಬೆವರು ಆರುವುದು ಕಡಿಮೆ. ಸಣ್ಣ ಕೋಣೆಯಲ್ಲಿ ಹದಿನೈದು ಜನ ಬೆವರಿದರೆ ಆ ತೇವವೆಲ್ಲ ಎಲ್ಲಿಗೆ ಹೋಗಬೇಕು ಹೇಳಿ? ಗೋಡೆಯ ಮೇಲಿನ ಅಂಕಿ ಅದೇ 40. ಐದು ಜನ ಇದ್ದಾಗ ಅದು ಬಿಸಿಲು, ಹದಿನೈದು ಜನ ಇದ್ದಾಗ ಅದೇ ಇಡ್ಲಿ ಪಾತ್ರೆ.

ಹಾಗಾಗಿ ಎರಡನೇ ಸುತ್ತಿನಲ್ಲಿ ಅಂಗೈಯಗಲದ ತೇವಮಾಪಕ ಒಂದನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಸ್ವಲ್ಪ ಅತಿಯಾಯ್ತು, ಒಪ್ಪುತ್ತೇನೆ. ಒಂದು ಕಡೆ ಶುರುವಿನಲ್ಲಿ ಶೇ 38 ಇದ್ದದ್ದು ಮುಗಿಯುವಾಗ 65 ದಾಟಿತ್ತು. ಕೊನೆಯ ಇಪ್ಪತ್ತು ನಿಮಿಷ ನನಗೆ ಯಾಕೆ ನರಕ ಅನಿಸುತ್ತಿತ್ತು ಅಂತ ಆಗ ಗೊತ್ತಾಯಿತು.

ಆಮೇಲೆ ಮಾಪಕವೂ ಬೇಕಾಗಲಿಲ್ಲ. "ಹೊರಗಿನ ಗಾಳಿ ಈ ಕೋಣೆಗೆ ಎಲ್ಲಿಂದ ಬರುತ್ತದೆ?" ಅಂತ ಕೇಳುತ್ತಿದ್ದೆ. ಒಬ್ಬರು ಹೀಟರ್ ಕಡೆ ಕೈ ತೋರಿಸಿದರು. ಅದು ಒಳಗಿನ ಗಾಳಿಯನ್ನೇ ಕಾಯಿಸಿ ತಿರುಗಿಸುವ ಯಂತ್ರ. ಇನ್ನೊಬ್ಬರು ನನ್ನನ್ನೇ ವಿಚಿತ್ರವಾಗಿ ನೋಡಿದರು. ನಾನು ಸೇರಿದ ಕಡೆ ಟೀಚರ್ ಎದ್ದು ಬಂದು, ಗಾಳಿ ಒಳಗೆ ಬರುವ ಕಿಂಡಿ, ಹೊರಗೆ ಹೋಗುವ ಫ್ಯಾನ್ ಎರಡನ್ನೂ ತೋರಿಸಿ, ಎರಡು ಕ್ಲಾಸುಗಳ ನಡುವೆ ಅರ್ಧ ಗಂಟೆ ಬಾಗಿಲು ತೆಗೆದಿಡುತ್ತೇವೆ ಅಂದರು. ನೆಲ ಮರದ್ದು, ಪ್ರತಿ ಕ್ಲಾಸ್ ಆದ ಮೇಲೆ ಒರೆಸುತ್ತಾರೆ.

ಹೀಟರ್‌ನಲ್ಲೂ ಎರಡು ಬಗೆ ಕಂಡೆ. ಛಾವಣಿಗೆ ಹಾಕುವ ಇನ್‌ಫ್ರಾರೆಡ್ ಪ್ಯಾನೆಲ್ ನೇರ ಮೈಯನ್ನೇ ಕಾಯಿಸುತ್ತದೆ. ಅದರ ಕೆಳಗೆ ಮ್ಯಾಟ್ ಹಾಕಿದವರಿಗೆ ಬೆನ್ನು ಸುಡುತ್ತದೆ, ಮೂಲೆಯಲ್ಲಿದ್ದವರಿಗೆ ಬೆಚ್ಚಗಷ್ಟೇ. ಬಿಸಿಗಾಳಿ ಊದುವ ಹೀಟರ್ ಕೋಣೆಯನ್ನೆಲ್ಲ ಕಾಯಿಸುತ್ತದೆ, ಆದರೆ ಸದ್ದು ಜಾಸ್ತಿ, ಗಂಟಲೂ ಒಣಗುತ್ತದೆ. ಎರಡರಲ್ಲೂ ನನ್ನ ಉಪಾಯ ಒಂದೇ: ಬಾಗಿಲ ಹತ್ತಿರ ಜಾಗ ಹಿಡಿಯುವುದು.

ಟ್ರಯಲ್‌ಗೆ ಒಂದೇ ಕ್ಲಾಸ್ ಹೋಗಿ ತೀರ್ಮಾನ ಮಾಡಬೇಡಿ. ಮೈ ಬಿಸಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ದಿನ ನೀವು ಅಳೆಯುವುದು ಸ್ಟುಡಿಯೋವನ್ನಲ್ಲ, ನಿಮ್ಮ ಸುಸ್ತನ್ನು. ಎರಡು ವಾರದ ಪಾಸ್ ಕೊಡುತ್ತಾರಾ ಕೇಳಿ. ಅದರಲ್ಲಿ ಒಂದು ದಿನವಾದರೂ ಕೊನೆಯ ಬ್ಯಾಚಿಗೆ ಹೋಗಿ. ಬೆಳಗಿನ ಮೊದಲ ಬ್ಯಾಚಿಗೆ ಎಲ್ಲ ಕೋಣೆಯೂ ಘಮ್ಮೆಂದೇ ಇರುತ್ತದೆ.

ಟೀಚರ್ ವಿಷಯದಲ್ಲಿ ನಾನು ಗಮನಿಸಿದ್ದು ಅವರು ಸೇರುವ ಮೊದಲು ಏನು ಕೇಳುತ್ತಾರೆ ಅಂತ. ಇಲ್ಲಿಯವರು ಹೃದಯದ ತೊಂದರೆ, ಬಿಪಿ ಮಾತ್ರೆ, ಹಿಂದೆ ಸೆಕೆಗೆ ತಲೆ ಸುತ್ತಿದ್ದು ಎಲ್ಲ ಕೇಳಿದರು. ಗರ್ಭಿಣಿಯರನ್ನೂ ಹೃದಯದ ತೊಂದರೆ ಇರುವವರನ್ನೂ ಡಾಕ್ಟರ್ ಹತ್ತಿರ ಮಾತಾಡದೆ ಸೇರಿಸಿಕೊಳ್ಳುವುದಿಲ್ಲ. ನನ್ನ ಹಳೇ ಕಥೆ ಹೇಳಿದೆ. "ಮೊದಲ ದಿನ ನೀವು ಸುಮ್ನೆ ಒಳಗೆ ಕೂತರೂ ಸಾಕು. ತಲೆ ಸುತ್ತಿದರೆ ಹೊರಗೆ ಹೋಗಿ, ನನ್ನನ್ನೇನೂ ಕೇಳಬೇಕಾಗಿಲ್ಲ" ಅಂದರು. ಆ ಮಾತಿಗೇ ಅರ್ಧ ಒಪ್ಪಿಬಿಟ್ಟಿದ್ದೆ.

ಉಳಿದರ್ಧಕ್ಕೆ ಕಾರಣ ನನ್ನ ತೊಡೆ. ಬಿಸಿಯಲ್ಲಿ ಸ್ನಾಯು ಸಡಿಲ ಅನಿಸುತ್ತದೆ, ಎಳೆದಷ್ಟೂ ಬರುತ್ತದೆ ಅನ್ನೋ ಭ್ರಮೆ. ಹಳೆಯ ಸ್ಟುಡಿಯೋದಲ್ಲಿ ಮುಂದೆ ಬಾಗಿದ್ದಾಗ ಬೆನ್ನ ಮೇಲೆ ಕೈಯಿಟ್ಟು ಒತ್ತಿದ್ದರು. ಆಗ ಏನೂ ಆಗಲಿಲ್ಲ. ಮಾರನೇ ದಿನದಿಂದ ತೊಡೆಯ ಹಿಂಭಾಗದಲ್ಲಿ, ಕೂರುವ ಮೂಳೆಯ ಹತ್ತಿರ ಶುರುವಾದ ನೋವು ಎರಡು ತಿಂಗಳು ಬಿಡಲಿಲ್ಲ. ಇಲ್ಲಿ ಮುಟ್ಟುವ ಮೊದಲು ಕೇಳುತ್ತಾರೆ. "ಇವತ್ತು ಮೈ ಬರುತ್ತಿದೆ ಅಂತ ಪೂರ್ತಿ ಹೋಗಬೇಡಿ" ಅಂತ ತಾವೇ ತಡೆಯುತ್ತಾರೆ.

ಬೆವರಿನ ಜೊತೆ ವಿಷ ಹೊರಗೆ ಹೋಗುತ್ತದೆ ಅಂತಲೂ ಇವರು ಒಮ್ಮೊಮ್ಮೆ ಹೇಳುವುದುಂಟು. ಆ ಕೆಲಸ ಲಿವರ್, ಕಿಡ್ನಿಯದು. ಕ್ಲಾಸ್ ಮುಗಿದಾಗ ತೂಕ ಇಳಿದಿದ್ದರೆ ಅದು ನೀರು, ಕುಡಿದ ಮೇಲೆ ವಾಪಸ್ ಬರುತ್ತದೆ. ನಾನು ವಾದ ಮಾಡುವುದಿಲ್ಲ. ಗಾಳಿ ಚೆನ್ನಾಗಿದೆಯಲ್ಲ, ಇಷ್ಟು ಸಹಿಸಬಹುದು.

ಸಣ್ಣ ಸ್ಟುಡಿಯೋದ ತೊಂದರೆಗಳೂ ಇವೆ. ಟೀಚರ್ ಒಬ್ಬರೇ, ಅವರಿಗೆ ಜ್ವರ ಬಂದರೆ ಕ್ಲಾಸ್ ಇಲ್ಲ. ಹನ್ನೆರಡು ಮ್ಯಾಟ್ ತುಂಬಿದರೆ ಜಾಗ ಇಲ್ಲ, ಮೊದಲೇ ಹೇಳಿಡಬೇಕು. ಹನ್ನೆರಡು ಜನಕ್ಕೆ ಶವರ್ ಇರುವುದೂ ಒಂದೇ. ಕ್ಯೂ ನಿಲ್ಲುವ ತಾಳ್ಮೆ ನನಗಿಲ್ಲ. ಮನೆ ಹತ್ತು ನಿಮಿಷದ ದಾರಿ, ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಹಾಗೇ ನಡೆದು ಬರುತ್ತೇನೆ. ವಾರಕ್ಕೆ ನಾಲ್ಕು ಟವೆಲ್, ನಾಲ್ಕು ಜೊತೆ ಬಟ್ಟೆ ಒಗೆಯುವುದು ಬೇರೆ ಇದೆ. ಸೇರುವಾಗ ಇದನ್ನು ಯಾರೂ ಹೇಳಲಿಲ್ಲ ನೋಡಿ.