ಬ್ರೈಟನ್‌ನಲ್ಲಿ ಕಬ್ಬಕ್ಕಿ ನೋಡೋಕೆ ಇದೇ ಸಮಯ

ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್. ಈ ದೇಶದಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಇಲ್ಲಿ ಸಂಜೆ 5 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಹೊಸದಾಗಿ ಬಂದವರಿಗೆ ಬೇಜಾರಾಗುತ್ತದೆ, ಅಲ್ವಾ? ಆದರೆ ಮಕ್ಕಳಿರುವವರಿಗೆ ಇದರಲ್ಲೊಂದು ಲಾಭವಿದೆ. ಶಾಲೆ ಬಿಟ್ಟ ಮೇಲೆ ನೇರವಾಗಿ ಪ್ಯಾಲೇಸ್ ಪಿಯರ್ (ದಡದಿಂದ ಸಮುದ್ರದೊಳಕ್ಕೆ ಚಾಚಿರುವ ಸೇತುವೆಯಂಥ ಕಟ್ಟೆ) ಹತ್ತಿರ ಹೋಗಿ. ಸಾವಿರಾರು ಕಬ್ಬಕ್ಕಿಗಳು (ಸ್ಟಾರ್ಲಿಂಗ್) ರಾತ್ರಿ ಕಳೆಯಲು ಅದರ ಕೆಳಗಿನ ಕಬ್ಬಿಣದ ಕಂಬಗಳಿಗೆ ಬರುತ್ತವೆ.

ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮೊದಲೇ ಅಲ್ಲಿರಿ. ಶುರುವಿನಲ್ಲಿ ಹತ್ತಿಪ್ಪತ್ತು ಹಕ್ಕಿ ಸುತ್ತುತ್ತಿರುತ್ತವೆ. ನೋಡನೋಡುತ್ತಿದ್ದಂತೆ ಗುಂಪಿಗೆ ಗುಂಪೇ ಬಂದು ಸೇರುತ್ತದೆ. ಹೊಗೆಯ ಹಾಗೆ ತಿರುಗುತ್ತವೆ, ಹಿಗ್ಗುತ್ತವೆ, ಕುಗ್ಗುತ್ತವೆ, ಕೊನೆಗೆ ಒಮ್ಮೆಲೇ ಪಿಯರ್ ಕೆಳಗೆ ಸುರಿದುಬಿಡುತ್ತವೆ. ತಲೆಯ ಮೇಲೆ ಹಾದುಹೋದರೆ ರೆಕ್ಕೆಗಳ ಸರ್ರನೆಯ ಸದ್ದು ಕೇಳಿಸುತ್ತದೆ. ಮೊದಲ ಸಲ ನನ್ನ ಮಗಳು ಆ ಸದ್ದಿಗೆ ನನ್ನ ಕೈ ಬಿಗಿಯಾಗಿ ಹಿಡಿದು, ಬಾಯಿ ತೆರೆದು ನಿಂತಿದ್ದಳು.

ಛತ್ರಿ ತರಬೇಡಿ, ಕಡಲ ಗಾಳಿಗೆ ಸುಮ್ನೆ ಮುರಿಯುತ್ತದೆ. ಟೋಪಿ ಇರುವ ರೈನ್‌ಕೋಟ್ ಸಾಕು. ದಡದಲ್ಲಿ ಮರಳಿಗಿಂತ ಗುಂಡುಕಲ್ಲೇ ಜಾಸ್ತಿ, ಮಗುವಿನ ತಳ್ಳುಗಾಡಿ ಹೂತುಕೊಳ್ಳುತ್ತದೆ. ಮೇಲಿನ ಕಾಲುದಾರಿಯಲ್ಲೇ ನಿಲ್ಲಿ. ಫ್ಲಾಸ್ಕ್‌ನಲ್ಲಿ ಬಿಸಿ ಸಾರು ತನ್ನಿ. ತಿಂಡಿ ಮಾತ್ರ ಮುಚ್ಚಿಟ್ಟುಕೊಳ್ಳಿ, ಸೀಗಲ್‌ಗಳು ಮಕ್ಕಳ ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ಮಳೆ ಜೋರಿದ್ದರೆ ಇನ್ನೊಂದು ದಿನ ಹೋಗಿ. ಚಳಿಗಾಲ ಮುಗಿಯುವವರೆಗೂ ಅವು ಬರುತ್ತಲೇ ಇರುತ್ತವೆ.