ಗುಳೆ ಹೋದ ಮನೆಯಲ್ಲಿ ಉಳಿದ ಹಿರಿಯರ ಸೇವೆ: ಸಭೆಯವರಿಗೆ ಒಂದು ಕೈಪಿಡಿ

ರಾಯಚೂರು, ಕೊಪ್ಪಳ ಕಡೆಯ ಮಳೆ ನಂಬಿದ ಊರುಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ದುಡಿಯುವ ಕೈಗಳು ಬೆಂಗಳೂರಿಗೋ ಪುಣೆಗೋ ಗಾರೆ ಕೆಲಸಕ್ಕೆ ಗುಳೆ ಹೊರಡುತ್ತವೆ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಕೆಲವೆಡೆ ಶಾಲೆಗೆ ಹೋಗುವ ಒಂದು ಮೊಮ್ಮಗು. ಲಕ್ವಾ ಹೊಡೆದು ಮಲಗಿದವರು, ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು, ಕಣ್ಣು ಮಂಜಾದವರು ಇವರಲ್ಲಿ ಇದ್ದಾರೆ. ಕ್ರೈಸ್ತ ಸಭೆಯ ಆರು ಜನ ಮನಸ್ಸು ಮಾಡಿದರೆ ಇಂಥ ನಾಲ್ಕು ಮನೆಗಳನ್ನು ಮುಂಗಾರಿನವರೆಗೆ ಚೆನ್ನಾಗಿ ನೋಡಿಕೊಳ್ಳಬಹುದು. ಹತ್ತು ಮನೆ ಹಿಡಿದರೆ ಒಂದು ತಿಂಗಳಲ್ಲಿ ಕೈಬಿಟ್ಟುಹೋಗುತ್ತದೆ. ಬರುತ್ತೇವೆಂದು ಹೇಳಿ ಬಾರದೆ ಹೋದರೆ, ಹೇಳದೆ ಇದ್ದದ್ದಕ್ಕಿಂತ ಹೆಚ್ಚು ನೋಯುತ್ತಾರೆ.

ಯೇಸುಸ್ವಾಮಿ ಶಿಷ್ಯರ ಪಾದ ತೊಳೆದದ್ದನ್ನು ಯೋಹಾನ 13ನೇ ಅಧ್ಯಾಯ ಹೇಳುವ ಬಗೆಯನ್ನು ಗಮನಿಸಿ. ಊಟದಿಂದ ಎದ್ದರು, ಮೇಲುಬಟ್ಟೆ ತೆಗೆದಿಟ್ಟರು, ನಡುವಿಗೆ ಟವೆಲ್ ಕಟ್ಟಿಕೊಂಡರು, ಬೋಗುಣಿಗೆ ನೀರು ಹಾಕಿದರು, ತೊಳೆದರು, ಒರೆಸಿದರು. ಒಂದೊಂದೂ ಕೈಕೆಲಸ. ದೀನತೆಯನ್ನು ಅಲ್ಲಿ ಮಾಡಿ ತೋರಿಸಿದ್ದಾರೆ, ಆಮೇಲೆ ಕೂತು ವಿವರಿಸಿದ್ದಾರೆ. ಆದ್ದರಿಂದ ಇಲ್ಲಿಯೂ ಕೈಕೆಲಸದ ಮಾತೇ ಹೆಚ್ಚು.

ಹೋಗುವ ಮುಂಚೆ

ಮೊದಲು ಊರಲ್ಲಿಲ್ಲದ ಮಗನಿಗೋ ಮಗಳಿಗೋ ಫೋನ್ ಮಾಡಿ ಒಪ್ಪಿಗೆ ಕೇಳಿ. ಗೊತ್ತಿಲ್ಲದವರು ಮನೆಗೆ ಬಂದುಹೋಗುತ್ತಾರೆ ಎಂದರೆ ದೂರದಲ್ಲಿರುವವರಿಗೆ ಅನುಮಾನ ಬರುವುದು ಸಹಜ. ಆಮೇಲೆ ಊರಿನ ಆಶಾ ಕಾರ್ಯಕರ್ತೆಯನ್ನು ಕಂಡು ಯಾರಿಗೆ ಯಾವ ಕಾಯಿಲೆ, ಯಾವ ಮಾತ್ರೆ, ಅವು ಎಲ್ಲಿಂದ ಬರುತ್ತವೆ ಎಂದು ತಿಳಿದುಕೊಳ್ಳಿ. ಅವರ ಕೆಲಸಕ್ಕೆ ನೀವು ಜೊತೆಯಾಗಬೇಕು, ಅಡ್ಡ ಬರಬಾರದು.

ಯಾವಾಗಲೂ ಇಬ್ಬರು ಹೋಗಿ. ಅಜ್ಜಿಯರ ಮೈ ತೊಳೆಸುವುದು, ಬಟ್ಟೆ ಬದಲಿಸುವುದು ಹೆಂಗಸರದೇ ಕೆಲಸ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ 7ರಿಂದ 8 ಒಳ್ಳೆಯ ಹೊತ್ತು. ಹೊತ್ತು ನಿಗದಿಯಾದ ಮೇಲೆ ಅದನ್ನು ಮೀರಬೇಡಿ. ನಿಮ್ಮ ದಾರಿ ಕಾಯುತ್ತಾ ಅವರು ಬಚ್ಚಲಿಗೆ ಹೋಗುವುದನ್ನೂ ತಡೆದುಕೊಂಡು ಕೂತಿರುತ್ತಾರೆ.

ಚೀಲದಲ್ಲಿ ಇರಬೇಕಾದವು: ಹತ್ತಿಯ ಟವೆಲ್ ಎರಡು, ಮೈಸೋಪು, ಉಗುರು ಕಟರ್, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ, ಕೈಗವಸು, ಒಗೆದ ಹಳೆಯ ಹತ್ತಿ ಸೀರೆ, ಓಆರ್‌ಎಸ್ ಪೊಟ್ಟಣ, ಟಾರ್ಚು, ಒಂದು ನೋಟ್‌ಬುಕ್. ಬೋಗುಣಿ ಒಯ್ಯಬೇಡಿ, ಅವರ ಮನೆಯದನ್ನೇ ಕೇಳಿ ಬಳಸಿ.

ಮೊದಲು ಕೇಳುವುದು

ಯೆರಿಕೋ ಊರಿನ ಹೊರಗೆ ದಾರಿಬದಿಯಲ್ಲಿ ಕುರುಡ ಬಾರ್ತಿಮಾಯ ಕೂಗಿ ಕರೆದಾಗ ಅವನಿಗೆ ಏನು ಬೇಕೆಂದು ನೋಡಿದವರಿಗೆಲ್ಲ ಗೊತ್ತಿತ್ತು. ಆದರೂ ಯೇಸು, ನಿನಗೆ ನಾನು ಏನು ಮಾಡಬೇಕು ಎಂದು ಕೇಳಿದರೆಂದು ಮಾರ್ಕನ 10ನೇ ಅಧ್ಯಾಯದಲ್ಲಿದೆ. ಈ ಪ್ರಶ್ನೆಯನ್ನು ಪ್ರತಿದಿನ ಹೊಸ್ತಿಲಲ್ಲಿ ನಿಂತು ಕೇಳಬೇಕು. "ಯವ್ವಾ, ಇವತ್ತ ಏನ್ ಮಾಡಿಕೊಡ್ಲಿ ಬೇ?" ಎಂದು ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ.

ನೀವು ಕಾಲು ತೊಳೆಯಲು ಸಿದ್ಧರಾಗಿ ಹೋಗಿರುತ್ತೀರಿ, ಅವರಿಗೆ ಬೇಕಾಗಿರುವುದು ಕುಡಿಯುವ ನೀರು. ಶುದ್ಧ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನನ್ನು ಎತ್ತಿ ಬಗ್ಗಿಸುವುದು ಮುದುಕರಿಂದ ಆಗುವುದಿಲ್ಲ. ಅದರಿಂದಲೇ ಅವರು ನೀರು ಕಡಿಮೆ ಕುಡಿಯುತ್ತಾರೆ, ಉರಿಮೂತ್ರ ಶುರುವಾಗುತ್ತದೆ. ಕ್ಯಾನು ತಂದ ತಕ್ಷಣ ಅದನ್ನು ಒಂದೊಂದು ಲೀಟರಿನ ಬಾಟಲಿಗಳಿಗೆ ತುಂಬಿ, ಮಲಗುವ ಹೊರಸಿನಿಂದ ಕೈಗೆ ಎಟಕುವಂತೆ ಇಡಿ. ಸಂಜೆ ಖಾಲಿ ಬಾಟಲಿ ಎಣಿಸಿದರೆ ಎಷ್ಟು ಕುಡಿದರೆಂದೂ ತಿಳಿಯುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಎಷ್ಟು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ.

ಸಾಮಾನು ಜರುಗಿಸುವುದು, ಅಡುಗೆಮನೆ ಓರಣ ಮಾಡುವುದು ಕೇಳದೆ ಬೇಡ. ಕಣ್ಣು ಕಾಣದ ಅಜ್ಜಿಗೆ ಉಪ್ಪಿನ ಡಬ್ಬಿ ಎರಡು ಗೇಣು ಸರಿದರೂ ಅಡುಗೆ ನಿಂತುಹೋಗುತ್ತದೆ.

ಕಾಲು ತೊಳೆಯುವುದು

ಪವಿತ್ರ ಗುರುವಾರ ಗುಡಿಯಲ್ಲಿ ನಡೆಯುವ ಪಾದ ತೊಳೆಯುವ ವಿಧಿಯನ್ನು ಎಲ್ಲರೂ ನೋಡಿದ್ದೇವೆ. ಸಕ್ಕರೆ ಕಾಯಿಲೆಯವರ ಕಾಲನ್ನು ತೊಳೆಯುವುದಕ್ಕೆ ಇನ್ನಷ್ಟು ತಿಳಿವಳಿಕೆ ಬೇಕು. ಅವರ ಪಾದಕ್ಕೆ ಬಿಸಿಯೂ ತಿಳಿಯುವುದಿಲ್ಲ, ನೋವೂ ತಿಳಿಯುವುದಿಲ್ಲ. ಕುಷ್ಠರೋಗ ಬಂದು ಗುಣವಾದವರ ಕಾಲೂ ಹಾಗೆಯೇ. ನೀವು ಪ್ರೀತಿಯಿಂದ ಹಾಕಿದ ಬಿಸಿನೀರು ಬೊಬ್ಬೆ ಎಬ್ಬಿಸಿದರೂ ಅವರು "ಹಿತ ಆತು" ಎನ್ನುತ್ತಾರೆ.

ನೀರು ಉಗುರುಬೆಚ್ಚಗಿರಲಿ. ನಿಮ್ಮ ಮೊಣಕೈ ಅದ್ದಿ ನೋಡಿ, ಅಲ್ಲಿಗೆ ಬಿಸಿ ಅನ್ನಿಸಿದರೆ ತಣ್ಣೀರು ಬೆರೆಸಿ. ಕಾಲನ್ನು ಬಹಳ ಹೊತ್ತು ನೆನೆಹಾಕಬೇಡಿ. 5 ನಿಮಿಷ ಮೀರಿದರೆ ಚರ್ಮ ಒಣಗಿ ಬಿರಿಯುತ್ತದೆ. ಸೋಪನ್ನು ನಿಮ್ಮ ಕೈಗೆ ಹಚ್ಚಿಕೊಂಡು ಕೈಯಿಂದಲೇ ತೊಳೆಯಿರಿ, ಕಲ್ಲು, ಬ್ರಷ್ ಬೇಡ. ಒರೆಸುವಾಗ ಬೆರಳ ಸಂದು ಬಿಡಬೇಡಿ. ಟವೆಲಿನ ತುದಿಯನ್ನು ಪ್ರತಿ ಸಂದಿನಲ್ಲಿ ಒತ್ತಿ ತೇವ ತೆಗೆಯಿರಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ತೇವ ಉಳಿದ ಸಂದಿಯಲ್ಲಿ ಎರಡು ದಿನಕ್ಕೆ ಬಿಳಿ ಹುಣ್ಣು ಏಳುತ್ತದೆ. ಎಣ್ಣೆ, ವ್ಯಾಸಲೀನ್ ಹಿಮ್ಮಡಿಗೆ ಮತ್ತು ಪಾದದ ಮೇಲ್ಭಾಗಕ್ಕೆ ಮಾತ್ರ ಹಚ್ಚಬೇಕು, ಸಂದಿಗೆ ಬೇಡ.

ಆಮೇಲೆ ಟಾರ್ಚು ಹಿಡಿದು ಅಂಗಾಲು ನೋಡಿ. ಬಳ್ಳಾರಿ ಜಾಲಿಯ ಮುಳ್ಳು ಒಳಗೆ ಮುರಿದು ಕೂತಿರುತ್ತದೆ, ಹೊರಗೆ ಕರಿಚುಕ್ಕೆಯಷ್ಟೇ ಕಾಣುತ್ತದೆ. ಹೆಬ್ಬೆರಳಿಂದ ಮೆಲ್ಲಗೆ ಸುತ್ತ ಒತ್ತಿದಾಗ ಗಟ್ಟಿ ಗಂಟು ಸಿಕ್ಕರೆ, ಕೀವು ಬಂದರೆ, ಚರ್ಮ ಸುತ್ತಲಿಗಿಂತ ಬಿಸಿಯಾಗಿದ್ದರೆ ಪಿನ್ನು, ಬ್ಲೇಡು ಹಾಕಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿ ಇದ್ದರೆ ಮುಟ್ಟಬೇಡಿ.

ಕೆಲವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಪೇತ್ರನೂ ಹಾಗೆಯೇ ಬೇಡವೆಂದಿದ್ದ. ನಾಚಿಕೆಗೋ, ನಿಮ್ಮಿಂದ ಕಾಲು ಮುಟ್ಟಿಸಿಕೊಂಡರೆ ಪಾಪವೆಂಬ ಭಾವಕ್ಕೋ ಎಳೆದುಕೊಂಡಿರಬಹುದು. ಅಂದು ಒತ್ತಾಯ ಬೇಡ. ಬೋಗುಣಿ, ಟವೆಲ್ ಅವರ ಮುಂದಿಟ್ಟು ನೀರು ಹಾಕುತ್ತಾ ನಿಲ್ಲಿ, ಅವರೇ ತೊಳೆದುಕೊಳ್ಳಲಿ. ಒರೆಸುವ ಹೊತ್ತಿಗೆ ಹೆಚ್ಚಿನವರು ಕಾಲು ಮುಂದೆ ಮಾಡುತ್ತಾರೆ.

ಮಲಗಿದವರ ಮಗ್ಗಲು

ಪೂರ್ತಿ ಹಾಸಿಗೆ ಹಿಡಿದವರ ಜೊತೆ ಸಾಮಾನ್ಯವಾಗಿ ಮುದಿ ಹೆಂಡತಿ ಉಳಿದಿರುತ್ತಾಳೆ. ನಿಮ್ಮ ಸೇವೆಯ ಅರ್ಧ ಪಾಲು ಅವಳದು. ದಿನಕ್ಕೊಂದು ಗಂಟೆ ಬರುವ ನೀವು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಲಾರಿರಿ, ಅವಳು ಬದಲಿಸಬೇಕು. ಸೊಂಟ ಹಿಡಿಯದಂತೆ ಬದಲಿಸುವ ಬಗೆಯನ್ನು ಕಲಿಸುವುದು ನಿಮ್ಮ ಕೆಲಸ.

ಯಾವ ಕಡೆ ತಿರುಗಿಸಬೇಕೋ ಆ ಕಡೆ ಅವಳು ನಿಲ್ಲಲಿ. ಅಜ್ಜನ ಆಚೆಬದಿಯ ಕೈಯನ್ನು ಎದೆಯ ಮೇಲೆ ತಂದು, ಆಚೆಬದಿಯ ಮೊಣಕಾಲನ್ನು ಮಡಚಿಸಬೇಕು. ಒಂದು ಕೈ ಹೆಗಲ ಹಿಂದೆ, ಇನ್ನೊಂದು ಸೊಂಟದ ಹಿಂದೆ ಹಾಕಿ ತನ್ನತ್ತ ಉರುಳಿಸಿಕೊಂಡರೆ ದೊಡ್ಡ ಮೈಯೂ ಹಗುರವಾಗಿ ತಿರುಗುತ್ತದೆ. ಬೆನ್ನ ಹಿಂದೆ ಸುತ್ತಿದ ಕೌದಿ, ಮೊಣಕಾಲುಗಳ ನಡುವೆ ಒಂದು ದಿಂಬು. ಅಂಗಾತ ಮಲಗಿಸಿದಾಗ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ನುಲಿ ಹೊರಸಿನ ಮೇಲೆ ಬರೀ ಚಾಪೆ ಹಾಕಿ ಮಲಗಿಸಬೇಡಿ, ಹುರಿ ಒತ್ತಿದ ಜಾಗದಲ್ಲೇ ಹುಣ್ಣು ಬೀಳುತ್ತದೆ. ಎರಡು ಪದರ ಕೌದಿ, ಅದರ ಮೇಲೆ ಸುಕ್ಕಿಲ್ಲದಂತೆ ಹತ್ತಿ ಸೀರೆ ಹಾಸಿ. ಮೇಲಕ್ಕೆ ಸರಿಸುವಾಗ ಎಳೆಯಬಾರದು. ಇಬ್ಬರು ಸೀರೆಯ ಎರಡು ಬದಿ ಹಿಡಿದು ಎತ್ತಿ ಸರಿಸಿ.

ದಿನಾ ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ, ಕಣಕಾಲು, ಹೆಗಲಮೂಳೆ, ತಲೆಯ ಹಿಂಭಾಗ ನೋಡಿ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ತಿಳಿಯಾಗಿ ಮತ್ತೆ ಕೆಂಪಾದರೆ ಚಿಂತೆಯಿಲ್ಲ, ಒತ್ತಿದರೂ ಕೆಂಪು ಹಾಗೆಯೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ. ಕೈಯಾಡಿಸಿ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಸುತ್ತಲಿಗಿಂತ ಕಪ್ಪಾಗಿದೆಯೇ ಎಂದು ನೋಡಬೇಕು. ಆ ಜಾಗವನ್ನು ತಿಕ್ಕಬೇಡಿ, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಅದರ ಮೇಲೆ ಭಾರ ಬೀಳದಂತೆ ಮಲಗಿಸಿ. ಚರ್ಮ ಒಡೆದಿದ್ದರೆ ಅರಿಶಿಣ, ಬೂದಿ, ಪೌಡರು ಹಾಕದೆ ನರ್ಸಮ್ಮನನ್ನು ಕರೆಸಿ.

ಹೆಂಡತಿಗೆ ಒಂದು ಗಂಟೆ ಬಿಡುವು ಕೊಡುವುದು ದೊಡ್ಡ ದಯೆ. "ನೀ ತಲಿ ಎರಕೊಂಡು ಬಾ ಯವ್ವಾ, ನಾವ್ ಕುಂತಿರ್ತೀವಿ" ಎಂದರೆ ಸಾಕು.

ಊಟ, ಬಿಸಿಲು

ಹಲ್ಲಿಲ್ಲದವರಿಗೆ ಜೋಳದ ನುಚ್ಚು ಒಳ್ಳೆಯದು. ಒಂದು ಲೋಟ ನುಚ್ಚನ್ನು ಅರ್ಧ ಗಂಟೆ ನೆನೆಸಿ, ನಾಲ್ಕೈದು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸಿ ಮಜ್ಜಿಗೆ ಕಲಸಿ. ಬಿಪಿ ಇದ್ದರೆ ಉಪ್ಪು ಕಡಿಮೆ ಹಾಕಿ. ಲಕ್ವಾ ಹೊಡೆದವರಿಗೆ ಮಲಗಿಸಿ ಉಣಿಸಬಾರದು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರಲಿ. ಅರ್ಧ ಚಮಚದಷ್ಟೇ ತುತ್ತನ್ನು ಸ್ವಾಧೀನ ಇರುವ ಬದಿಯಲ್ಲಿಡಿ. ನುಂಗಿದ್ದು ಕಂಡ ಮೇಲೆ ಮುಂದಿನ ತುತ್ತು. ನೀರು ಕುಡಿದಾಗ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ, ಅನ್ನನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಉಂಡ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಸ್ವಾಧೀನ ಇಲ್ಲದ ಕೆನ್ನೆಯೊಳಗೆ ತುತ್ತು ಉಳಿದಿದ್ದರೆ ಒದ್ದೆ ಬಟ್ಟೆಯಿಂದ ತೆಗೆಯಿರಿ.

ಊಟ ಬಿಟ್ಟು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವರಿಗೆ ಬೆವರು, ನಡುಕ, ಮಾತು ತಡವರಿಸುವುದು ಕಂಡರೆ, ಎಚ್ಚರವಿದ್ದರೆ ಮಾತ್ರ, 3 ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಟ್ಟು 108ಕ್ಕೆ ಫೋನ್ ಮಾಡಿ.

ಭೇದಿಯಾದಾಗ ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಕೆಡುಕಾಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಕ್ಕರೆ ಸಮತಟ್ಟಾಗಿ 6 ಚಮಚ, ಉಪ್ಪು ಅರ್ಧ ಚಮಚ, ಟೀ ಚಮಚದ ಅಳತೆ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಬಿಸಿಲಿಗೆ ಮೈ ಕಾದು ಮಾತು ಅಡ್ಡಾದಿಡ್ಡಿಯಾದರೆ ನೆರಳಿಗೆ ತಂದು ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ದುಡ್ಡು, ಫೋಟೊ, ಪ್ರಾರ್ಥನೆ

ಸಂಧ್ಯಾ ಸುರಕ್ಷಾ ಪಿಂಚಣಿ ತಂದುಕೊಡಿ ಎಂದು ಪಾಸ್‌ಬುಕ್ಕನ್ನೇ ಕೈಗಿಡುವವರಿದ್ದಾರೆ. ಪಾಸ್‌ಬುಕ್, ಎಟಿಎಂ ಕಾರ್ಡು, ಪಿನ್ನು ಯಾವುದನ್ನೂ ಇಟ್ಟುಕೊಳ್ಳಬೇಡಿ. ಅವರನ್ನೇ ಕರೆದೊಯ್ಯಿರಿ, ಆಗದಿದ್ದರೆ ಪೋಸ್ಟ್‌ಮನ್ ಮನೆಗೆ ಬರುವಂತೆ ಕೇಳಿ. ಮಾತ್ರೆ, ಕಿರಾಣಿ ತಂದರೆ ಚೀಟಿ ಮತ್ತು ಚಿಲ್ಲರೆಯನ್ನು ಅವರ ಕೈಯಲ್ಲೇ ಎಣಿಸಿ ಕೊಟ್ಟು, ನೋಟ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಫೋಟೊ ತೆಗೆಯಬೇಡಿ. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯ 6ರಲ್ಲಿ ಓದಿದವರು, ಬರೀ ಮೈಯ ಅಜ್ಜನನ್ನು ವಾಟ್ಸಾಪ್ ಗ್ರೂಪಿಗೆ ಹಾಕುವುದು ತಪ್ಪು. ಪ್ರಾರ್ಥನಾ ಕೂಟದಲ್ಲಿ ಹೆಸರು ಹಿಡಿದು ಕಾಯಿಲೆ ಹೇಳುವುದೂ ತಪ್ಪೇ. ಸಂಜೆಯೊಳಗೆ ಅದು ಓಣಿಯ ಸುದ್ದಿಯಾಗಿರುತ್ತದೆ. "ನಮ್ಮ ನಾಲ್ಕು ಮನೆಗಳಿಗಾಗಿ" ಎಂದರೆ ದೇವರಿಗೆ ತಿಳಿಯುತ್ತದೆ.

ಅವರು ಬೇರೆ ಧರ್ಮದವರಾಗಿದ್ದರೆ ಊಟದ ಡಬ್ಬಿಯ ಜೊತೆ ಕರಪತ್ರ ಇಡಬೇಡಿ. ಹಸಿದವರು ನಿಮ್ಮ ಮುಲಾಜಿಗೆ ಹೂಂ ಎನ್ನುತ್ತಾರೆ, ಆ ಹೂಂ ಅವರದಲ್ಲ. ಅವರಾಗಿ ಪ್ರಾರ್ಥನೆ ಕೇಳಿದರೆ ಎರಡು ನಿಮಿಷ, ಅವರ ಮಾತಿನಲ್ಲಿ, ಸಣ್ಣ ದನಿಯಲ್ಲಿ ಮಾಡಿ.

ಒಂದೊಂದು ಮನೆಯಲ್ಲಿ ಜಾತಿಯ ಕಾರಣಕ್ಕೆ ನಿಮ್ಮ ಕೈಯ ಊಟ ಬೇಡವೆಂದಾರು. ವಾದಕ್ಕಿಳಿಯದೆ ಅಕ್ಕಿ, ಬೇಳೆ, ನುಚ್ಚು ಕೊಟ್ಟು ಅವರ ಒಲೆಯ ಮೇಲೇ ಬೇಯಲು ಬಿಡಿ. ಆದರೆ ನಿಮಗೆಂದು ಬೇರೆ ಲೋಟ ತೆಗೆದಿಟ್ಟರೆ ಅದರಲ್ಲಿ ಕುಡಿಯುವ ಅಗತ್ಯವಿಲ್ಲ. ತಗ್ಗುವುದು ಬೇರೆ, ತುಳಿಸಿಕೊಳ್ಳುವುದು ಬೇರೆ. ಬೈಗುಳ ನಿಲ್ಲದಿದ್ದರೆ ಮನೆಯವರಿಗೂ ಆಶಾ ಕಾರ್ಯಕರ್ತೆಗೂ ತಿಳಿಸಿ ಹಿಂದೆ ಸರಿಯಿರಿ. ಹಿರಿಯರ ಸಹಾಯವಾಣಿ 14567 ಇದೆ, ಆ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬನ್ನಿ.

ಒಪ್ಪಿಸುವುದು

ಲೂಕನ 10ನೇ ಅಧ್ಯಾಯದ ಸಮಾರ್ಯದವನು ದಾರಿಯಲ್ಲಿ ಏಟು ತಿಂದು ಬಿದ್ದಿದ್ದವನ ಗಾಯ ಕಟ್ಟಿ, ಛತ್ರಕ್ಕೆ ತಂದು ಆರೈಕೆ ಮಾಡಿ, ಮರುದಿನ ಎರಡು ಬೆಳ್ಳಿ ನಾಣ್ಯ ಕೊಟ್ಟು ಛತ್ರದವನಿಗೆ ಒಪ್ಪಿಸಿ ಹೊರಟ. ಎಲ್ಲವನ್ನೂ ಒಬ್ಬನೇ ಹೊತ್ತುಕೊಳ್ಳಲಿಲ್ಲ. ನಿಮ್ಮ ಜೋಡಿಗೂ ವಾರಕ್ಕೆ ಎರಡು ದಿನ ಬಿಡುವು ಇರಬೇಕು, ಇಲ್ಲವಾದರೆ ಮೂರನೇ ತಿಂಗಳಿಗೆ ಸಿಡುಕು ಶುರುವಾಗುತ್ತದೆ, ಆ ಸಿಡುಕು ಮೊದಲು ಬೀಳುವುದು ಮಲಗಿದವರ ಮೇಲೆ.

ಮಳೆ ಬಿದ್ದು ಮನೆಯವರು ಹಿಂದಿರುಗಿದಾಗ ದೂರು ಹೇಳಬೇಡಿ. ಹೊಟ್ಟೆಪಾಡಿಗೆ ಹೋದವರು ಅವರು. ಮಾತ್ರೆಗಳ ಪಟ್ಟಿ, ಆಸ್ಪತ್ರೆಯ ಮುಂದಿನ ತಾರೀಖು, ಖರ್ಚಿನ ನೋಟ್‌ಬುಕ್ ಮಗನ ಕೈಗೆ ಕೊಡಿ. ಮಗ್ಗಲು ಬದಲಿಸುವುದನ್ನು, ಕಾಲು ಒರೆಸುವುದನ್ನು ಸೊಸೆಯ ಮುಂದೆ ಒಮ್ಮೆ ಮಾಡಿ, ಮರುದಿನ ಅವಳ ಕೈಯಿಂದ ಮಾಡಿಸಿ. ಎಲ್ಲಾದರೂ ತಪ್ಪಿದರೆ ಅತ್ತೆಮಾವನ ಎದುರಿಗೆ ತಿದ್ದದೆ, ಹೊರಗೆ ಕಟ್ಟೆಯ ಮೇಲೆ ಕೂತು ಹೇಳಿ. ಮೊದಲ ವಾರ ಎರಡು ಸಲ, ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋಗಿಬಂದರೆ ಸಾಕು.