ಬೀಜದ ಪಾತಿ, ಬೆಕ್ಕು ಮತ್ತು ಕಡ್ಡಿ ಚಾಪೆ

ಚಳಿ ಸ್ವಲ್ಪ ಸಡಿಲವಾಗಿ ಬಿಸಿಲು ಬೆನ್ನಿಗೆ ಹಿತವಾಗುವುದೇ ತಡ, ಎಲ್ಲರಿಗೂ ಒಂದೇ ಸಲ ತೋಟದ ಹುಚ್ಚು ಹತ್ತುತ್ತದೆ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮಾಡುವ ರೀತಿ ನೋಡಿದರೆ ಮೈಯೆಲ್ಲ ಉರಿಯುತ್ತದೆ. ಪಾತಿ ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ, ಮಣ್ಣನ್ನು ನುಣ್ಣಗೆ ಪುಡಿ ಮಾಡಿ, ಬೀಜ ಉದುರಿಸಿ, ನಾಲ್ಕು ಹನಿ ನೀರು ಚಿಮುಕಿಸಿ ಒಳಗೆ ಹೋಗಿಬಿಡುತ್ತಾರೆ. ಬೆಳಗ್ಗೆ ಎದ್ದು ನೋಡಿದರೆ ಪಾತಿಯ ನಡುವೆ ಗುಂಡಿ, ಬೀಜವೆಲ್ಲ ಒಂದು ಮೂಲೆಯಲ್ಲಿ ರಾಶಿ. ಆಮೇಲೆ ಬೆಕ್ಕಿಗೆ ಬೈಗುಳ.

ಅಲ್ಲ, ಬೆಕ್ಕು ಇನ್ನೇನು ಮಾಡಬೇಕಿತ್ತು? ಅದಕ್ಕೆ ಬೇಕಿರುವುದು ಸಡಿಲವಾದ, ಮೇಲೆ ಒಣಗಿದ, ಉಗುರು ಹಾಕಿದರೆ ಬಿಟ್ಟುಕೊಡುವ ಮಣ್ಣು. ಹೊಲಸನ್ನು ಮುಚ್ಚಿಡುವುದು ಅದರ ಹುಟ್ಟುಗುಣ. ಚಳಿಗಾಲವೆಲ್ಲ ಅಂಗಳದ ಮಣ್ಣು ಬಿಗಿದುಕೊಂಡಿತ್ತು. ಈಗ ನೀವೇ ಸೊಂಟ ನೋಯಿಸಿಕೊಂಡು ಇಡೀ ಅಂಗಳದಲ್ಲೇ ಒಳ್ಳೆಯ ಜಾಗ ಮಾಡಿಕೊಟ್ಟಿದ್ದೀರಿ. ಅದು ಉಪಯೋಗಿಸಿಕೊಂಡಿತು, ಅಷ್ಟೇ.

ಇನ್ನು ಕೆಲವರ ಬುದ್ಧಿವಂತಿಕೆ ನೋಡಬೇಕು. ಪಾತಿಯ ಸುತ್ತ ಖಾರದ ಪುಡಿ ಉದುರಿಸುತ್ತಾರೆ, ಮೆಣಸಿನ ಪುಡಿ ಉದುರಿಸುತ್ತಾರೆ. ಅದು ಪಂಜಕ್ಕೆ ಅಂಟುತ್ತದೆ, ಬೆಕ್ಕು ಪಂಜ ನೆಕ್ಕುತ್ತದೆ, ಅದೇ ಪಂಜದಿಂದ ಮುಖ ಒರೆಸಿಕೊಳ್ಳುತ್ತದೆ. ಕಣ್ಣಿಗೆ ಹೋದರೆ ಏನು ಗತಿ? ಘಾಟು ಎಣ್ಣೆಗಳನ್ನು ಚಿಮುಕಿಸುವವರು ಇನ್ನೂ ದೊಡ್ಡವರು. ನಮ್ಮ ಯಕೃತ್ತು ಸುಲಭವಾಗಿ ಕರಗಿಸಿ ಹೊರಗೆ ಹಾಕುವ ಎಷ್ಟೋ ವಸ್ತುಗಳನ್ನು ಬೆಕ್ಕಿನ ಯಕೃತ್ತಿಗೆ ಕರಗಿಸಲು ಆಗುವುದಿಲ್ಲ, ಆ ಎಣ್ಣೆಗಳಲ್ಲಿ ಇರುವುದೂ ಅಂಥವೇ. ನ್ಯಾಫ್ತಲಿನ್ ಗುಳಿಗೆ ಇಡುವವರೂ ಇದ್ದಾರೆ, ಅದಂತೂ ನೇರ ವಿಷ. ಮತ್ತೆ ಆ ಪುಡಿಗಳೆಲ್ಲ ಒಂದು ಸಲ ನೀರು ಹಾಕಿದರೆ ತೊಳೆದುಹೋಗುತ್ತವೆ. ಸುಮ್ನೆ ದಂಡ.

ಆ ಗುಳಿಗೆಯ ಮಾತು ಬಂತಲ್ಲ, ಉಣ್ಣೆ ಬಟ್ಟೆ ಎತ್ತಿಡುವ ಕಾಲವೂ ಇದೇ, ಆದ್ದರಿಂದ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಶಾಲು ಸ್ವೆಟರುಗಳನ್ನು ಒಗೆಯದೆ ಮಡಚಿ, ಮೇಲೆ ನಾಲ್ಕು ಗುಳಿಗೆ ಎಸೆದು, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನುಸಿಯ ಮರಿಹುಳಕ್ಕೆ ಒಗೆದ ಉಣ್ಣೆಗಿಂತ ಬೆವರು, ಜಿಡ್ಡು ಹತ್ತಿದ ಉಣ್ಣೆ ಇಷ್ಟ. ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡದೆ ಒಗೆದು, ಚಪ್ಪಟೆಯಾಗಿ ಹರಡಿ, ಪೂರ್ತಿ ಒಣಗಿದ ಮೇಲೆ ಬಾಯಿ ಬಿಗಿದ ಚೀಲದಲ್ಲಿ ಇಟ್ಟರೆ ಗುಳಿಗೆಯೇ ಬೇಡ. ಬೆಕ್ಕು ಓಡಾಡುವ ಮನೆಯಲ್ಲಿ ಬೇಡವೇ ಬೇಡ.

ಪಾತಿಗೆ ಬರೋಣ. ಮಾಡಬೇಕಾದ್ದು ಎರಡೇ. ಬೆಕ್ಕಿಗೆ ಅದರದೇ ಜಾಗ ಕೊಡಿ, ನಿಮ್ಮ ಜಾಗ ಮುಚ್ಚಿಡಿ.

ಅದರ ಜಾಗ ಅಂದರೆ ಗೋಡೆ ಬದಿಯಲ್ಲಿ, ಜನ ಓಡಾಡದ ಮೂಲೆಯಲ್ಲಿ, ಒಂದು ಮೊಳ ಅಗಲ ಅಗೆದು ಅರ್ಧ ಮರಳು ಬೆರೆಸಿ ಬಿಡುವುದು. ನೀರು ಹಾಕಬೇಡಿ, ಒಣಗಿರಲಿ. ಮೊದಲೆರಡು ದಿನ ಅದರ ಹೊಲಸನ್ನೇ ಸ್ವಲ್ಪ ತಂದು ಅಲ್ಲಿ ಹೂಳಿದರೆ ಜಾಗ ಯಾವುದೆಂದು ಅದಕ್ಕೇ ತಿಳಿಯುತ್ತದೆ. ದಿನಾ ತೆಗೆದು ಹಾಕಬೇಕು, ನಾಳೆ ನಾಡಿದ್ದು ಅನ್ನುವ ಹಾಗಿಲ್ಲ. ಬೆಕ್ಕಿನ ಹೊಲಸಿನಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ, ರೋಗ ತರುವ ಸೂಕ್ಷ್ಮಜೀವಿ ಇರಬಹುದು, ಅದು ಹೊರಗೆ ಬಿದ್ದ ತಕ್ಷಣ ಹರಡುವುದಿಲ್ಲ, 1ರಿಂದ 5 ದಿನ ಬೇಕು. ಅಷ್ಟರೊಳಗೆ ಎತ್ತಿದರೆ ನೀವು ಗೆದ್ದಿರಿ. ಬಸುರಿಯರು ಈ ಕೆಲಸಕ್ಕೆ ಕೈ ಹಾಕುವುದೇ ಬೇಡ, ಮನೆಯಲ್ಲಿ ಬೇರೆಯವರು ಮಾಡಲಿ. ತೋಟದ ಮಣ್ಣು ಮುಟ್ಟುವಾಗಲೂ ಕೈಗವಸು ಹಾಕಿಕೊಳ್ಳಲಿ. ಬೆಕ್ಕಿನ ಹೊಲಸನ್ನು ತರಕಾರಿ ಗೊಬ್ಬರದ ಗುಂಡಿಗೆ ಹಾಕಬೇಡಿ, ದನದ ಸಗಣಿಯ ಲೆಕ್ಕ ಇದಕ್ಕೆ ಬರುವುದಿಲ್ಲ.

ಈಗ ನಿಮ್ಮ ಜಾಗ ಮುಚ್ಚುವುದು. ಪ್ಲಾಸ್ಟಿಕ್ ಬಲೆ ತಂದು ಎಳೆದು ಕಟ್ಟುತ್ತಾರಲ್ಲ, ನನಗೆ ಅದನ್ನು ಕಂಡರೆ ಆಗುವುದಿಲ್ಲ. ಬೆಕ್ಕಿನ ಕಾಲು ಸಿಕ್ಕಿಕೊಳ್ಳುತ್ತದೆ, ಹಕ್ಕಿಯ ಕಾಲು ಸಿಕ್ಕಿಕೊಳ್ಳುತ್ತದೆ, ಬಿಸಿಲಿಗೆ ಚೂರಾಗಿ ಮಣ್ಣೆಲ್ಲ ಪ್ಲಾಸ್ಟಿಕ್. ನಾನು ಹಾಕುವುದು ಕಡ್ಡಿ ಚಾಪೆ. ಕೈಯಲ್ಲೇ ಹೆಣೆದದ್ದು. ಇದನ್ನು ಸರಿಯಾಗಿ ಮಾಡಿದರೆ ಬೆಕ್ಕು ಒಂದು ಸಲ ಕಾಲಿಟ್ಟು ನೋಡಿ ತಿರುಗಿ ಹೋಗುತ್ತದೆ. ಸರಿಯಾಗಿ ಅಂದೆ, ನೆನಪಿರಲಿ.

ವಸಂತದ ಮೊದಲಿಗೆ ಗಿಡಗಳನ್ನು ಸವರುತ್ತೀರಲ್ಲ, ಆ ಕಡ್ಡಿಗಳನ್ನು ಎಸೆಯುವುದೋ ಸುಡುವುದೋ ಮಾಡಬೇಡಿ. ಪೆನ್ಸಿಲ್‌ನಿಂದ ಹಿಡಿದು ಕಿರುಬೆರಳಿನಷ್ಟು ದಪ್ಪ ಇರುವ, ನೆಟ್ಟಗಿರುವ, ಮುಳ್ಳಿಲ್ಲದ ಕಡ್ಡಿಗಳನ್ನು ಬೇರೆ ಇಡಿ. ಕಣಗಿಲೆ ಕಡ್ಡಿ ಮಾತ್ರ ಖಂಡಿತ ಬೇಡ, ಮುರಿದರೆ ಹಾಲು ಬರುವ ಯಾವ ಗಿಡದ್ದೂ ಬೇಡ. ಬೆಕ್ಕು ಹೊಸ ವಸ್ತು ಕಂಡರೆ ಕೆನ್ನೆ ಉಜ್ಜುತ್ತದೆ, ತುದಿ ಕಚ್ಚಿ ನೋಡುತ್ತದೆ. ಕಣಗಿಲೆಯ ಎಲೆ, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಎಲೆ ಕಿತ್ತು ನೆರಳಿನಲ್ಲಿ ಹರಡಿ, ಆಗಾಗ ಹೊರಳಿಸಿ, ಒಂದೆರಡು ವಾರ ಬಿಡಿ. ಉಗುರಿನಿಂದ ಕೆರೆದರೆ ಸಿಪ್ಪೆಯ ಕೆಳಗೆ ಹಸಿರು ಕಾಣಬಾರದು. ಈ ಕಾಯುವುದು ಯಾರಿಗೂ ಆಗುವುದಿಲ್ಲ, ಇವತ್ತು ಕತ್ತರಿಸಿ ಇವತ್ತೇ ಹೆಣೆಯಬೇಕು ಅವರಿಗೆ. ಹಸಿ ಕಡ್ಡಿ ಒಣಗುತ್ತಾ ಸಣ್ಣಗಾಗುತ್ತದೆ, ನೀವು ಎಷ್ಟೇ ಬಿಗಿದು ಕಟ್ಟಿರಿ, ಗಂಟು ಸಡಿಲವಾಗಿ ಕಡ್ಡಿ ಜಾರಿ ಬೀಳುತ್ತದೆ. ಇನ್ನು ಕೆಲವು ಗಿಡದ ಹಸಿ ಕಡ್ಡಿ ಒದ್ದೆ ಮಣ್ಣಿಗೆ ತಾಗಿದರೆ ಬೇರೇ ಬಿಡುತ್ತದೆ, ಆಮೇಲೆ ಚಾಪೆಯನ್ನು ಅಗೆದು ತೆಗೆಯಬೇಕಾದೀತು.

ಒಣಗಿದ ಮೇಲೆ ಪಾತಿಯ ಅಗಲಕ್ಕೆ ಎರಡೂ ಕಡೆ ಒಂದೊಂದು ಗೇಣು ಜಾಸ್ತಿ ಬಿಟ್ಟು ಸಮವಾಗಿ ಕತ್ತರಿಸಿ. ಗೆಣ್ಣುಗಳನ್ನು ಸವರಿ, ತುದಿಗಳನ್ನು ಒರಟು ಕಲ್ಲಿನ ಮೇಲೆ ತಿಕ್ಕಿ ಮೊಂಡು ಮಾಡಿ. ಚೂಪು ಬಿಟ್ಟರೆ ಬಗ್ಗಿ ಕಳೆ ಕೀಳುವಾಗ ನಿಮ್ಮ ಕಣ್ಣಿಗೇ ಚುಚ್ಚುವುದು.

ಹುರಿ ಸೆಣಬಿನದ್ದು ಅಥವಾ ದಪ್ಪ ಹತ್ತಿಯದು. ನೈಲಾನ್ ಜಾರುತ್ತದೆ, ಕೊಳೆಯುವುದೂ ಇಲ್ಲ. ಹುರಿಯನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಸಿ, ತೂಕ ಕಟ್ಟಿ ನೇತುಹಾಕಿ ಒಣಗಿಸಬೇಕು. ಹೊಸ ಹುರಿ ಮೊದಲ ಸಲ ನೆಂದಾಗ ಎಳೆದುಕೊಂಡು ಗಿಡ್ಡವಾಗುತ್ತದೆ, ಆ ಎಳೆತ ಮೊದಲೇ ಮುಗಿದಿದ್ದರೆ ಚಾಪೆ ಮಳೆಗೆ ಸೊಟ್ಟಗಾಗುವುದಿಲ್ಲ. ಪ್ರತಿ ಸಾಲು ಹೆಣಿಗೆಗೂ ಚಾಪೆಯ ಉದ್ದದ ನಾಲ್ಕು ಪಟ್ಟು ಹುರಿ ತೆಗೆದುಕೊಂಡು ಅರ್ಧಕ್ಕೆ ಮಡಚಿ. ಮಡಿಕೆಯ ಕುಣಿಕೆಯಲ್ಲಿ ಮೊದಲ ಕಡ್ಡಿ ಕೂರಿಸಿ. ಒಂದು ಎಳೆ ಮೇಲೆ, ಇನ್ನೊಂದು ಕೆಳಗೆ. ಎರಡನ್ನೂ ಒಂದರ ಮೇಲೊಂದು ತಿರುಚಿ, ತಿರುಚಿದ ಭಾಗ ಎರಡು ಬೆರಳಿನಷ್ಟಾದಾಗ ಮುಂದಿನ ಕಡ್ಡಿ ಇಟ್ಟು ಅಪ್ಪಿಕೊಳ್ಳುವಂತೆ ಮತ್ತೆ ತಿರುಚಿ. ಜಡೆ ಹೆಣೆಯುವಾಗ ಹೇಗೆ ಪ್ರತಿ ಸುತ್ತಿಗೂ ಒಂದೇ ಬಿಗಿ ಇರಬೇಕೋ ಹಾಗೇ ಇಲ್ಲೂ, ಒಂದು ಕಡೆ ಸಡಿಲ ಬಿಟ್ಟರೆ ಕೊನೆಯವರೆಗೂ ಸೊಟ್ಟ ಹೋಗುತ್ತದೆ. ಒಂದು ಸಾಲಿನಲ್ಲಿ ತಿರುಚು ಒಂದೇ ದಿಕ್ಕಿಗೆ ಇರಬೇಕು. ಪಕ್ಕದ ಸಾಲಿಗೆ ಬಂದಾಗ ವಿರುದ್ಧ ದಿಕ್ಕಿಗೆ ತಿರುಚಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಎಲ್ಲ ಸಾಲೂ ಬಲಕ್ಕೇ ತಿರುಚಿದರೆ ಚಾಪೆ ಮೂಲೆಯಲ್ಲಿ ಎದ್ದು ನಿಲ್ಲುತ್ತದೆ, ಎದ್ದ ಮೂಲೆಯ ಕೆಳಗೆ ಬೆಕ್ಕು ತೂರುತ್ತದೆ.

ಕಡ್ಡಿಗಳ ನಡುವೆ ಎರಡು ಬೆರಳು, ಅದಕ್ಕಿಂತ ಹೆಚ್ಚೂ ಬೇಡ ಕಡಿಮೆಯೂ ಬೇಡ. ಜಾಸ್ತಿ ಬಿಟ್ಟರೆ ಪಂಜ ಹಾಕಿ ಕೆದಕಲು ಜಾಗ ಸಿಗುತ್ತದೆ, ಕಡಿಮೆಯಾದರೆ ಬೆಳಕು ಸಿಗದೆ ಮೊಳಕೆ ಉದ್ದುದ್ದ ಎಳೆದುಕೊಂಡು ಬೀಳುತ್ತದೆ. ಕೊನೆಯಲ್ಲಿ ಗಂಟು ಹಾಕಿ ಉಳಿದ ತುದಿಯನ್ನು ಹಿಂದಿನ ಸುತ್ತುಗಳೊಳಗೆ ಸೇರಿಸಿಬಿಡಿ, ನೇತಾಡಬಾರದು. ಬೀಜ ಬಿತ್ತಿದ ಪಾತಿಯ ಮೇಲೆ ಚಾಪೆ ಹಾಸಿ, ಕವಲಿರುವ ಒಣ ಕಡ್ಡಿಗಳನ್ನು ತಲೆಕೆಳಗಾಗಿ ಚುಚ್ಚಿ ನಾಲ್ಕೂ ಮೂಲೆ ಬಿಗಿಯಬೇಕು. ನನ್ನ ಅಜ್ಜಿ ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಕಡ್ಡಿ ಆರಿಸುವ ಕೆಲಸ ಕೊಡುತ್ತಿದ್ದರು. ದಪ್ಪದ್ದೊಂದು ಸಣ್ಣದರ ಜೊತೆ ಸೇರಿದ್ದರೆ ಬೆರಳಿನಿಂದ ಸವರಿಯೇ ಕಂಡುಹಿಡಿದು, ಹೆಣೆದಷ್ಟನ್ನೂ ಬಿಚ್ಚಿಸಿ ಮೊದಲಿನಿಂದ ಮಾಡಿಸುವರು. ಆಗ ಅಳು ಬರುತ್ತಿತ್ತು. ಅವರ ಬೂದು ಬೆಕ್ಕು ಪಕ್ಕದಲ್ಲೇ ಕೂತು, ತನ್ನ ವಿರುದ್ಧವೇ ನಡೆಯುತ್ತಿರುವ ಕೆಲಸವನ್ನು ಬಹಳ ಗಂಭೀರವಾಗಿ ನೋಡುತ್ತಿತ್ತು.

ಬೆಕ್ಕು ಪಕ್ಕದಲ್ಲಿ ಕೂತಿರಲಿ, ಹುರಿಯ ಉಂಡೆ ಮಾತ್ರ ಡಬ್ಬದೊಳಗೆ ಇರಲಿ. ಉಣ್ಣೆ ಉಂಡೆಯ ಜೊತೆ ಮರಿ ಆಡುವುದನ್ನು ಫೋಟೊ ತೆಗೆದು ನಗುತ್ತೀರಲ್ಲ, ನನಗೆ ಎದೆ ಹೊಡೆದುಕೊಳ್ಳುತ್ತದೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೇ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಆಗುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡರೆ ಕರುಳು ದಾರದ ಮೇಲೆ ನೆರಿಗೆ ನೆರಿಗೆಯಾಗಿ ಕೂಡಿಕೊಂಡು ಕತ್ತರಿಸಿಹೋಗುತ್ತದೆ. ಬಾಯಿಯಿಂದಾಗಲಿ ಹಿಂದಿನಿಂದಾಗಲಿ ದಾರ ನೇತಾಡುವುದು ಕಂಡರೆ ಎಳೆಯಬೇಡಿ. ಎಳೆದರೆ ಒಳಗೆ ಸೀಳುತ್ತದೆ. ನೇರ ಪಶುವೈದ್ಯರ ಹತ್ತಿರ ಓಡಿ. ಹೊಲಿಗೆ, ಕ್ರೋಶಾ, ಕಸೂತಿ ಏನೇ ಇರಲಿ, ಏಳುವಾಗ ಸೂಜಿ ದಾರ ಮುಚ್ಚಳ ಇರುವ ಡಬ್ಬಕ್ಕೆ ಹೋಗಲೇಬೇಕು.

ಬಿತ್ತುವುದು ನಿಮಗೆ ಗೊತ್ತಿರುವುದೇ, ಬೀಜದ ದಪ್ಪದ ಎರಡು ಮೂರು ಪಟ್ಟು ಆಳ, ಅಷ್ಟೇ. ಟೊಮೆಟೊ, ಚೆಂಡುಹೂವಿನ ಬೀಜವನ್ನು ಗೇಣುದ್ದ ಹೂತು, ಬರಲಿಲ್ಲ ಅಂತ ಕೊರಗಬೇಡಿ. ದಿನಕ್ಕೆ ಮೂರು ಸಲ ನೀರು ಸುರಿಯುವುದನ್ನೂ ಬಿಡಿ. ಮಣ್ಣು ಸದಾ ಒದ್ದೆಯಾಗಿ, ಗಾಳಿ ಆಡದೆ ಇದ್ದರೆ ಬೂಷ್ಟು ಹತ್ತಿ ಎಳೆ ಸಸಿ ಬುಡದಲ್ಲೇ ಕೊಳೆತು ಮಲಗುತ್ತದೆ. ಹಳೆ ಪತ್ರಿಕೆ ಸುರುಳಿ ಸುತ್ತಿ ಕುಂಡ ಮಾಡುವವರು ಒಂದು ನೋಡಿಕೊಳ್ಳಿ, ನೆಡುವಾಗ ಕಾಗದದ ಅಂಚು ಮಣ್ಣಿನ ಮೇಲೆ ಉಳಿಯಬಾರದು. ಉಳಿದರೆ ಅದೇ ನೀರನ್ನು ಹೀರಿ ಗಾಳಿಗೆ ಬಿಟ್ಟು ಬೇರನ್ನು ಒಣಗಿಸುತ್ತದೆ. ಹರಿದು ಹಾಕಿ, ಇಲ್ಲ ಪೂರ್ತಿ ಹೂಳಿ. ಮತ್ತೆ ಕಿಟಕಿಯಲ್ಲಿ ಬೆಳೆದ ಸಸಿಯನ್ನು ಒಂದೇ ದಿನ ಹೊರಗೆ ತಳ್ಳಬೇಡಿ. ಒಂದು ವಾರ ಹತ್ತು ದಿನ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಬಿಸಿಲು ಗಾಳಿ ತೋರಿಸಿ, ರಾತ್ರಿ ಒಳಗೆ ತನ್ನಿ.

ಹೂವಿನ ಆಸೆಯಲ್ಲಿ ಲಿಲ್ಲಿ ಗೆಡ್ಡೆ ತಂದು ನೆಡುವವರಿಗೆ ಕೈ ಮುಗಿದು ಹೇಳುತ್ತೇನೆ, ಬೆಕ್ಕಿದ್ದರೆ ಬೇಡ. ಎಲೆ ತಿನ್ನಲೇಬೇಕೆಂದಿಲ್ಲ. ಮೈಗೆ ಹತ್ತಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಎರಡು ಮೂರು ದಿನದಲ್ಲಿ ಮೂತ್ರಪಿಂಡ ಕೈಕೊಡುತ್ತದೆ. ಡ್ಯಾಫೊಡಿಲ್, ಟುಲಿಪ್ ಗೆಡ್ಡೆಗಳೂ ಒಳ್ಳೆಯವಲ್ಲ. ಬೆಕ್ಕಿಗೆ ಹಸಿರು ಬೇಕು ಅನಿಸಿದರೆ ಒಂದು ಕುಂಡದಲ್ಲಿ ಗೋಧಿ ಚೆಲ್ಲಿ, ಒಂದು ವಾರದಲ್ಲಿ ಹುಲ್ಲು ಬರುತ್ತದೆ, ಅದನ್ನು ಕಡಿದುಕೊಂಡು ನಿಮ್ಮ ಸಸಿಯ ಗೊಡವೆ ಬಿಡುತ್ತದೆ.

ಹಗಲು ಉದ್ದವಾಗುತ್ತಿದ್ದಂತೆ ಅದರ ಚಳಿಗಾಲದ ಕೂದಲೂ ಉದುರುತ್ತದೆ. ದಿನಾ ಬಾಚಿ, ಇಲ್ಲದಿದ್ದರೆ ಅದೇ ನುಂಗಿ ನಿಮ್ಮ ಒಳ್ಳೆಯ ಚಾಪೆಯ ಮೇಲೆ ಕಾರುತ್ತದೆ. ಬಾಚಿದ ಕೂದಲನ್ನು ಬಿಸಿ ಸೋಪು ನೀರು ಮುಟ್ಟಿಸಿಕೊಂಡ ಅಂಗೈಗಳ ನಡುವೆ ಮೊದಮೊದಲು ಬಹಳ ಹಗುರವಾಗಿ, ಆಮೇಲೆ ಒತ್ತಿ ಉರುಳಿಸುತ್ತಾ ಹೋದರೆ ಗಟ್ಟಿ ಚೆಂಡಾಗುತ್ತದೆ. ನುಂಗಲಾಗದಷ್ಟು ದೊಡ್ಡದು ಮಾಡಿ ಕೊಟ್ಟರೆ ದುಡ್ಡು ಕೊಟ್ಟು ತಂದ ಆಟಿಕೆಗಿಂತ ಅದನ್ನೇ ಹೆಚ್ಚು ಓಡಿಸಿಕೊಂಡು ಹೋಗುತ್ತದೆ. ಚಿಗಟದ ಔಷಧಿ ಹಚ್ಚಿದ ದಿನಗಳ ಕೂದಲು ಮಾತ್ರ ಕಸಕ್ಕೆ. ಹಕ್ಕಿಗೆ ಗೂಡು ಕಟ್ಟಲು ಆಗುತ್ತದೆ ಅಂತ ಅದನ್ನು ಹೊರಗಿಡಬೇಡಿ, ಔಷಧಿ ಮರಿಗಳಿಗೆ ತಾಗುತ್ತದೆ. ಇನ್ನೊಂದು, ನಾಯಿಗೆ ತಂದ ಚಿಗಟದ ಔಷಧಿಯನ್ನು ಉಳಿದಿದೆ ಅಂತ ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ನಡುಗಿ ನಡುಗಿ ಸಾಯಲೂಬಹುದು.

ಚಾಪೆ ತೆಗೆಯುವುದಕ್ಕೆ ಅವಸರ ಬೇಡ. ಮೊಳಕೆಯ ಮೊದಲ ಜೋಡಿ ಎಲೆ ಲೆಕ್ಕಕ್ಕಿಲ್ಲ, ಅದರ ನಿಜವಾದ ಎಲೆಗಳು ಬಂದು, ಸಸಿ ಕಡ್ಡಿಗಿಂತ ಮೇಲೆ ನಾಲ್ಕು ಬೆರಳು ಎದ್ದ ಮೇಲೆ, ಬುಡದ ಮಣ್ಣು ಸ್ವಲ್ಪ ಕೂತ ಮೇಲೆ ತೆಗೆಯಿರಿ. ಎಳೆಯುವಂತಿಲ್ಲ, ಎರಡು ಜನ ಎರಡು ಕಡೆ ಹಿಡಿದು ನೇರವಾಗಿ ಮೇಲೆತ್ತಬೇಕು. ಮಣ್ಣು ಕೊಡವಿ, ಒಂದು ದಿನ ಬಿಸಿಲಿಗೆ ಹಾಕಿ, ಸುರುಳಿ ಸುತ್ತಿ ಎತ್ತರದಲ್ಲಿ ತೂಗುಹಾಕಿ. ನೆಲದಲ್ಲಿ ಬಿಟ್ಟರೆ ಬೆಕ್ಕು ಉಗುರು ಮಸೆದು ಹುರಿಯನ್ನೆಲ್ಲ ಎಳೆ ಎಳೆ ಮಾಡುತ್ತದೆ. ಹೇಗೂ ಮುಂದಿನ ವರ್ಷ ಹುರಿ ಹೊಸದು ಹಾಕಬೇಕಾಗಬಹುದು, ಕಡ್ಡಿಗಳು ಇನ್ನೂ ಎರಡು ಮೂರು ವರ್ಷ ಬರುತ್ತವೆ.